ಮೂರು ದಾರಿಯಲ್ಲಿ ಬಂದ ಒಂದೇ ಸವಾರಿ: ಟ್ರಯಥ್ಲಾನ್ ಡೇಟಾದ ಒಂದು ಪ್ರಕರಣ

ಇಲ್ಲಿ ಬರುವವರು ಮೈಸೂರಿನ ಒಬ್ಬ ಕಾಲೇಜು ಅಧ್ಯಾಪಕಿ. ವಯಸ್ಸು ನಲವತ್ತು ದಾಟಿದೆ. ಕೋಚ್ ಅವರನ್ನು ಮೇಡಂ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೆಸರು, ಕಾಲೇಜು, ಸ್ಪರ್ಧೆ ನಡೆದ ವರ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಓದಿ, ಒಂದೆರಡು ಕಡೆ ತಿದ್ದಿಯೂ ಕೊಟ್ಟಿದ್ದಾರೆ. ನನ್ನ ಪಾತ್ರ ಸಣ್ಣದು. ಅವರ ಕೋಚ್ ಬೆಂಗಳೂರಿನಲ್ಲಿದ್ದಾರೆ, ಅವರಿಗೆ ವಾಚ್, ಸೈಕಲ್ ಕಂಪ್ಯೂಟರ್ ಬರೆದಿಟ್ಟ ವ್ಯಾಯಾಮದ ಫೈಲುಗಳನ್ನು ನೋಡಿಕೊಡುವ ಕೆಲಸ ನನ್ನದು.

ಹಿನ್ನೆಲೆ

ಮೇಡಂ ಚಿಕ್ಕಂದಿನಿಂದ ಈಜುತ್ತಿದ್ದವರು. ಸೈಕಲ್ ಹತ್ತಿದ್ದು ಕೊರೊನಾ ಕಾಲದಲ್ಲಿ, ಗಂಡನ ಜೊತೆ. ಓಟ ಮಾತ್ರ ಅವರಿಗೆ ಕಷ್ಟ. ಗುರಿ ಗೋವಾದ ಐರನ್‌ಮ್ಯಾನ್ 70.3. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ಈ ಟ್ರಯಥ್ಲಾನ್ ಸ್ಪರ್ಧೆ ಪಣಜಿಯಲ್ಲಿ ಮೊದಲು ನಡೆದದ್ದು 2019ರಲ್ಲಿ. 1.9 ಕಿಲೋಮೀಟರ್ ಸಮುದ್ರದ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಒಟ್ಟು 113 ಕಿಲೋಮೀಟರ್, ಅಂದರೆ 70.3 ಮೈಲಿ. ಹೆಸರು ಬಂದದ್ದು ಹಾಗೆ. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು.

ಅವರ ಬಳಿ ಸಾಮಾನಿಗೆ ಕೊರತೆ ಇರಲಿಲ್ಲ. ಅಮೆರಿಕದಲ್ಲಿರುವ ತಮ್ಮ ಕೊಟ್ಟ ಟ್ರಯಥ್ಲಾನ್ ಮೋಡ್ ಇರುವ ವಾಚ್ ಒಂದು. ಅದು ಸ್ವಲ್ಪ ಹಳೆಯದು, ಆದರೆ ಗಟ್ಟಿಮುಟ್ಟು. ಸೈಕಲ್ಲಿನ ಹ್ಯಾಂಡಲ್‌ಗೆ ಬೇರೆ ಕಂಪನಿಯ ಕಂಪ್ಯೂಟರ್. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಳಸುವ ಸ್ಮಾರ್ಟ್ ಟ್ರೈನರ್, ಅಂದರೆ ಸೈಕಲನ್ನು ನಿಲ್ಲಿಸಿ ಒಳಗೇ ತುಳಿಯುವ, ತುಳಿತದ ಶಕ್ತಿ ಅಳೆಯುವ ಸಾಧನ. ಒಂದೊಂದಕ್ಕೂ ಒಂದೊಂದು ಆಪ್. ಇವುಗಳ ಮೇಲೆ ವ್ಯಾಯಾಮಗಳನ್ನು ಹಂಚಿಕೊಳ್ಳುವ ಸ್ಟ್ರಾವಾ ಆಪ್, ಸ್ನೇಹಿತರೆಲ್ಲ ಅಲ್ಲೇ ಇದ್ದಾರಲ್ಲ. ಅದರಾಚೆ ತರಬೇತಿಯ ಲೆಕ್ಕ ನೋಡಲು ಇನ್ನೊಂದು ತಾಣ. ಇಷ್ಟೆಲ್ಲ ಇದ್ದೂ ಕೋಚ್‌ಗೆ ಮಾಹಿತಿ ಹೋಗುತ್ತಿದ್ದದ್ದು ವಾಟ್ಸಾಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್‌ಗಳ ಮೂಲಕ!

ಸಮಸ್ಯೆ

ಸ್ಪರ್ಧೆಗೆ ಐದಾರು ತಿಂಗಳು ಇದ್ದಾಗ ಕೋಚ್ ನನಗೆ ಫೋನ್ ಮಾಡಿದರು. "ಗ್ರಾಫ್ ನೋಡಿದ್ರೆ ಮೇಡಂ ಒಳ್ಳೇ ಫಾರ್ಮ್‌ನಲ್ಲಿದ್ದಾರೆ. ಅವರನ್ನು ಕೇಳಿದ್ರೆ ಮೆಟ್ಟಿಲು ಹತ್ತೋಕೂ ಆಗ್ತಿಲ್ಲ ಅಂತಾರೆ. ಯಾವುದನ್ನು ನಂಬಲಿ?"

ಗ್ರಾಫ್ ಎಂದರೆ ಏನು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಪ್ರತಿ ವ್ಯಾಯಾಮಕ್ಕೂ, ಅದು ದೇಹದ ಮೇಲೆ ಎಷ್ಟು ಭಾರ ಹಾಕಿತು ಎಂದು ಹೇಳುವ ಒಂದು ಲೋಡ್ ಅಂಕ ಇರುತ್ತದೆ. ಬಹಳ ಕಡೆ ಬಳಕೆಯಲ್ಲಿರುವುದು ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ರೂಪಿಸಿದ ಟ್ರೈನಿಂಗ್ ಸ್ಟ್ರೆಸ್ ಸ್ಕೋರ್, ಅಂದರೆ ಟಿಎಸ್‌ಎಸ್. ಒಬ್ಬರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಶಕ್ತಿಗೆ ಎಫ್‌ಟಿಪಿ ಎನ್ನುತ್ತಾರೆ. ಆ ಶಕ್ತಿಯಲ್ಲಿ ಒಂದು ಗಂಟೆ ತುಳಿದರೆ 100 ಅಂಕ. ಅದರ 70 ಶೇಕಡದಲ್ಲಿ ಮೂರು ಗಂಟೆ ತುಳಿದರೆ 147. ಈ ಅಂಕಗಳ 42 ದಿನದ ಸರಾಸರಿಯನ್ನು ಫಿಟ್‌ನೆಸ್ ಎಂದೂ, 7 ದಿನದ ಸರಾಸರಿಯನ್ನು ದಣಿವು ಎಂದೂ ಗೆರೆ ಎಳೆದು ತೋರಿಸುತ್ತಾರೆ. ಇವು ಸರಳ ಸರಾಸರಿ ಅಲ್ಲ, ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಟ್ಟು ನಿಧಾನವಾಗಿ ಏರಿಳಿಯುವಂಥವು. ಕೋಚ್ ನೋಡುತ್ತಿದ್ದದ್ದು ಈ ಗೆರೆಗಳನ್ನು.

ನಾನು ಮೊದಲು ಮಾಡಿದ್ದು ಭಾನುವಾರಗಳನ್ನು ತೆರೆದು ನೋಡುವುದು. ಉದ್ದದ ಸವಾರಿ ಆ ದಿನವೇ ಇರುತ್ತದೆ. ಪ್ರತಿ ಭಾನುವಾರವೂ 300ರ ಹತ್ತಿರ ಅಂಕ. ಮೂರು ಗಂಟೆಯ ಸಮಾಧಾನದ ಸವಾರಿಗೆ ಅಷ್ಟು ಬರುವುದು ಸಾಧ್ಯವೇ ಇಲ್ಲ. ಒಳಗೆ ಹೋಗಿ ನೋಡಿದರೆ ಒಂದೇ ಸವಾರಿ ಎರಡು ಸಲ ಕೂತಿತ್ತು. ಹ್ಯಾಂಡಲ್ ಮೇಲಿನ ಕಂಪ್ಯೂಟರ್ ಒಂದು ಬರೆದಿದೆ, ಕೈಯಲ್ಲಿದ್ದ ವಾಚ್ ಇನ್ನೊಂದು. ಶುರು ಮಾಡಿದ ಹೊತ್ತಿನಲ್ಲಿ ಒಂದೆರಡು ನಿಮಿಷದ ವ್ಯತ್ಯಾಸ. ಹಾಗಾಗಿ ಸಾಫ್ಟ್‌ವೇರ್ ಅವನ್ನು ಬೇರೆ ಬೇರೆ ಸವಾರಿ ಎಂದುಕೊಂಡಿದೆ. ಟ್ರೈನರ್ ದಿನಗಳಲ್ಲಿ ಒಮ್ಮೊಮ್ಮೆ ಮೂರು ಪ್ರತಿ.

ವಾರಕ್ಕೆ ಒಂದು ಹೆಚ್ಚುವರಿ ಸವಾರಿ ಅಷ್ಟೇ ತಾನೇ ಅನಿಸಬಹುದು. ಲೆಕ್ಕ ಹಾಕಿ ನೋಡಿ. ವಾರಕ್ಕೆ 147 ಅಂಕ ಎಂದರೆ ದಿನಕ್ಕೆ 21. ಎಂಟು ವಾರ ಹೀಗೇ ನಡೆದರೆ 42 ದಿನದ ಸರಾಸರಿ ಸುಮಾರು 15 ಅಂಕ ಮೇಲೆ ಹೋಗಿರುತ್ತದೆ. ಮೇಡಂ ಅವರ ನಿಜವಾದ ಫಿಟ್‌ನೆಸ್ ಗೆರೆ 42ರ ಆಸುಪಾಸು ಇರಬೇಕಿತ್ತು, 57 ತೋರಿಸುತ್ತಿತ್ತು. ಕೋಚ್ ಅದನ್ನು ನೋಡಿ ಮುಂದಿನ ತಿಂಗಳ ಭಾರ ಏರಿಸಿದ್ದರು.

ಆದರೆ ಇದರಿಂದ ಅರ್ಧ ಮಾತ್ರ ಬಗೆಹರಿಯಿತು. ಸುಲಭದ ದಿನಗಳಲ್ಲೂ ಅವರು ಯಾಕೆ ದಣಿಯುತ್ತಿದ್ದರು?

ಅದಕ್ಕೆ ಉತ್ತರ ಕುಕ್ಕರಹಳ್ಳಿ ಕೆರೆ ಏರಿಯ ಓಟಗಳಲ್ಲಿತ್ತು. ಮಂಗಳವಾರದ ನಿಧಾನದ ಓಟ. ಹೃದಯ ಬಡಿತದ ಗೆರೆ ಮೊದಲ ಹತ್ತು ನಿಮಿಷ 130ರ ಹತ್ತಿರ ಇದ್ದು, ಇದ್ದಕ್ಕಿದ್ದಂತೆ 170ಕ್ಕೆ ಜಿಗಿದು ಅಲ್ಲೇ ನೇರವಾಗಿ ನಿಂತಿದೆ. ಅದರ ಕೆಳಗೆ ಹೆಜ್ಜೆಗಳ ಲೆಕ್ಕ ಇಟ್ಟು ನೋಡಿದೆ. ನಿಮಿಷಕ್ಕೆ 170. ಮಣಿಕಟ್ಟಿನ ವಾಚ್ ಹಸಿರು ಬೆಳಕು ಬಿಟ್ಟು, ಚರ್ಮದಡಿ ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಓಡುವಾಗ ಕೈಯೂ ಹೆಜ್ಜೆಯ ತಾಳಕ್ಕೆ ಕುಲುಕುತ್ತದೆ. ಕೆಲವು ಸಲ ವಾಚ್ ಬಡಿತ ಬಿಟ್ಟು ಹೆಜ್ಜೆಯನ್ನೇ ಎಣಿಸಲು ಶುರು ಮಾಡುತ್ತದೆ. ಓಟಗಾರರು ಇದನ್ನು ಕೆಡೆನ್ಸ್ ಲಾಕ್ ಎನ್ನುತ್ತಾರೆ. ಪಟ್ಟಿ ಸಡಿಲ ಇದ್ದರೆ, ಬೆಳಗಿನ ಚಳಿಗೆ ಕೈ ತಣ್ಣಗಿದ್ದರೆ ಇದು ಜಾಸ್ತಿ.

ಇದರಿಂದ ಆದ ಮುಖ್ಯ ಹಾನಿ ಬೇರೆ ಕಡೆ. ಅವರ ವಾಚಿನಲ್ಲಿ ಥ್ರೆಶೋಲ್ಡ್ ಬಡಿತವನ್ನು, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಜೋರು ಓಟದ ಬಡಿತವನ್ನು, ತಾನೇ ಕಂಡುಹಿಡಿದು ಬದಲಿಸುವ ಸೌಲಭ್ಯ ಚಾಲೂ ಇತ್ತು. ಸುಳ್ಳು 170ಗಳನ್ನು ನೋಡಿ ನೋಡಿ ಅದು ಥ್ರೆಶೋಲ್ಡನ್ನು 172ಕ್ಕೆ ಏರಿಸಿತ್ತು. ಅದಕ್ಕೆ ತಕ್ಕಂತೆ, ಬಡಿತವನ್ನು ಸುಲಭ, ಮಧ್ಯಮ, ಕಷ್ಟ ಎಂದು ವಿಂಗಡಿಸುವ ಎಲ್ಲ ಝೋನ್‌ಗಳೂ ಮೇಲೆ ಸರಿದವು. ಸುಲಭದ ಓಟದ ಮೇಲಿನ ಮಿತಿ ಥ್ರೆಶೋಲ್ಡಿನ 89 ಶೇಕಡ ಎಂದು ಇಟ್ಟುಕೊಂಡರೆ ಅದು 153. ವಾಚ್ ಸರಿಯಾಗಿ ಎಣಿಸಿದ ದಿನಗಳಲ್ಲಿ ಮೇಡಂ 150ರಲ್ಲಿ ಓಡುತ್ತಾ, "ಸುಲಭದ ಝೋನ್‌ನಲ್ಲೇ ಇದ್ದೀನಿ" ಎಂದು ನೆಮ್ಮದಿಯಾಗಿದ್ದರು. ನಿಜಕ್ಕೂ ಅದು ಅವರಿಗೆ ಸುಲಭದ ಓಟ ಆಗಿರಲಿಲ್ಲ.

ಯಾವಾಗಲೂ ತಪ್ಪು ತೋರಿಸುವ ಉಪಕರಣವಾದರೆ ಬೇಗ ಸಿಕ್ಕಿಬೀಳುತ್ತದೆ. ಇದು ಕೆಲವು ದಿನ ಸರಿ, ಕೆಲವು ದಿನ ತಪ್ಪು. ಅದಕ್ಕೇ ಇಷ್ಟು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಹೊಸ ವಾಚ್ ಬೇಡ ಎಂಬ ನಿರ್ಧಾರ

ವಿಷಯ ಕೇಳಿದ ಮೇಡಂ ಗಂಡನ ಮೊದಲ ಮಾತು: "ಒಳ್ಳೇ ವಾಚ್ ತಗೊಂಡ್ಬಿಡು. ಒಂದೇ ಸಲದ ಖರ್ಚು." ಅವರು ಆರಿಸಿಟ್ಟದ್ದು ಲಕ್ಷದ ಹತ್ತಿರದ ವಾಚ್. ಎರಡು ತರಂಗಾಂತರದ ಜಿಪಿಎಸ್, ಮ್ಯಾಪ್, ಬೆಳಗ್ಗೆ ಎದ್ದ ಕೂಡಲೇ "ಇಂದು ನೀವು ಎಷ್ಟು ಸಿದ್ಧ" ಎಂದು ಹೇಳುವ ಅಂಕ, ಎಲ್ಲ ಇತ್ತು. ಕೋಚ್‌ಗೂ ಒಪ್ಪಿಗೆ.

ನಾನು ಒಂದೇ ಪ್ರಶ್ನೆ ಕೇಳಿದೆ. ಈಗಿರುವ ತೊಂದರೆಗಳಲ್ಲಿ ಈ ವಾಚ್ ಯಾವುದನ್ನು ತೆಗೆಯುತ್ತದೆ? ಒಂದೇ ಸವಾರಿ ಎರಡು ಸಲ ಕೂರುವುದು ವಾಚಿನ ದೋಷ ಅಲ್ಲ. ಹೊಸ ವಾಚಿನ ಸೆನ್ಸರ್ ಇನ್ನೂ ಚೆನ್ನಾಗಿರಬಹುದು, ಆದರೆ ಅದೂ ಕುಲುಕುವ ಮಣಿಕಟ್ಟಿನ ಮೇಲೇ ಕೂರುತ್ತದೆ. ಜಿಪಿಎಸ್ ವಿಷಯಕ್ಕೆ ಬಂದರೆ, ಮರಗಳ ಕೆಳಗೆ ಒಂದು ಸುತ್ತಿಗೆ ಕೆಲವು ಮೀಟರ್ ಆಚೀಚೆ ಆದರೆ ಅವರ ತರಬೇತಿಯಲ್ಲಿ ಏನೂ ಬದಲಾಗುವುದಿಲ್ಲ.

ಮೇಡಂ ಅಧ್ಯಾಪಕಿ ಅಲ್ವಾ, ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಅವರೇ ಒಂದು ಪಟ್ಟಿ ಮಾಡಿದರು. ತಾವು ನೋಡುವ ಪ್ರತಿ ಸಂಖ್ಯೆ ಎಡಗಡೆ. ಅದು ಬದಲಾದರೆ ನಾಳೆಯ ವ್ಯಾಯಾಮದಲ್ಲಿ ಏನು ಬದಲಾಗುತ್ತದೆ ಎಂಬುದು ಬಲಗಡೆ. ಬಲಗಡೆ ಖಾಲಿ ಉಳಿದ ಸಾಲುಗಳನ್ನು ಹೊಡೆದುಹಾಕುತ್ತಾ ಹೋದರು. ನೆಲದ ಮೇಲೆ ಪಾದ ಇರುವ ಹೊತ್ತು, ಓಡುವಾಗ ದೇಹ ಏಳುವ ಸೆಂಟಿಮೀಟರ್, ನಿದ್ದೆಯ ಅಂಕ, ಒತ್ತಡದ ಅಂಕ, ಹೋದವು. ಉಳಿದದ್ದು ಇಷ್ಟು: ಈಜಿನಲ್ಲಿ 100 ಮೀಟರಿಗೆ ಹಿಡಿಯುವ ಹೊತ್ತು, ಸೈಕಲ್ಲಿನಲ್ಲಿ ವ್ಯಾಟ್, ಓಟದಲ್ಲಿ ಬಡಿತ ಮತ್ತು ವೇಗ, ಮೂರಕ್ಕೂ ಸೇರಿ ಕಳೆದ ಸಮಯ. ಕೊನೆಗೆ "ಇವತ್ತು ಎಷ್ಟು ಕಷ್ಟ ಆಯ್ತು" ಎಂದು ಒಂದರಿಂದ ಹತ್ತರೊಳಗೆ ತಾವೇ ಕೊಡುವ ಅಂಕ.

ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ತಿರುವು ಈ ಕಾಗದ. ವಾಚಿನ ಆರ್ಡರ್ ರದ್ದಾಯಿತು. ಅದೇ ಹಾಳೆಯ ಕೆಳಗೆ ಇನ್ನೊಂದು ಚಿತ್ರ ಬರೆಸಿದೆ: ಯಾವ ಉಪಕರಣದಿಂದ ಯಾವ ಆಪ್‌ಗೆ, ಅಲ್ಲಿಂದ ಎಲ್ಲಿಗೆ ಫೈಲ್ ಹೋಗುತ್ತದೆ ಎಂದು ಬಾಣ ಹಾಕುವುದು. ಬರೆದು ಮುಗಿಸಿದಾಗ ಬಾಣಗಳು ಜೇಡರ ಬಲೆಯ ಹಾಗಿದ್ದವು. ಟ್ರೈನರ್ ಆಪ್ ಸ್ಟ್ರಾವಾಗೂ ಕಳಿಸುತ್ತದೆ, ವಾಚಿನ ಆಪ್‌ಗೂ ಕಳಿಸುತ್ತದೆ. ವಾಚಿನ ಆಪ್ ಮತ್ತೆ ಸ್ಟ್ರಾವಾಗೆ. ಸ್ಟ್ರಾವಾದಿಂದ ವಿಶ್ಲೇಷಣೆಯ ತಾಣಕ್ಕೆ, ಅದೇ ತಾಣಕ್ಕೆ ವಾಚಿನ ಆಪ್‌ನಿಂದ ನೇರವಾಗಿಯೂ.

ಸಾಫ್ಟ್‌ವೇರ್ ಮೊದಲು, ಸಾಮಾನು ಆಮೇಲೆ

ಸಾಮಾನ್ಯವಾಗಿ ಜನ ವಾಚ್ ಕೊಂಡು, ಅದರ ಜೊತೆ ಬಂದ ಆಪ್‌ಗೆ ಒಗ್ಗಿಕೊಳ್ಳುತ್ತಾರೆ. ಇಲ್ಲಿ ಉಲ್ಟಾ ಮಾಡಿದೆವು. ಡೇಟಾ ಕೊನೆಗೆ ಎಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿದೆವು.

ಆಯ್ಕೆಗಳು ಹಲವು ಇದ್ದವು. ಟ್ರೈನಿಂಗ್‌ಪೀಕ್ಸ್ ಹಳೆಯದು, 1999ರಿಂದ ಇದೆ, ಕೋಚ್‌ಗಳು ಬಹಳ ಬಳಸುತ್ತಾರೆ. ಆದರೆ ಗ್ರಾಫ್‌ಗಳೆಲ್ಲ ಬೇಕೆಂದರೆ ತಿಂಗಳ ಹಣ ಕಟ್ಟಬೇಕು. ಇಂಟರ್ವಲ್ಸ್ ಡಾಟ್ ಐಸಿಯು ಬ್ರೌಸರಿನಲ್ಲಿ ನಡೆಯುತ್ತದೆ. ಹಣ ಕೊಡದೆಯೂ ಬಳಸಬಹುದು, ಇಷ್ಟವಿದ್ದವರು ಕೊಡಬಹುದು. ಕ್ಯಾಲೆಂಡರ್ ಇದೆ, ಕೋಚ್ ಕೂಡ ನೋಡಬಹುದು. ಗೋಲ್ಡನ್ ಚೀತಾ ಮುಕ್ತ ಸಾಫ್ಟ್‌ವೇರ್. ನಮ್ಮದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಫೈಲುಗಳು ನಮ್ಮ ಹತ್ತಿರವೇ ಇರುತ್ತವೆ. ಆದರೆ ನೋಡಿದ ಕೂಡಲೇ ಹೆದರಿಕೆ ಆಗುವಷ್ಟು ಬಟನ್‌ಗಳು. ಸ್ಟ್ರಾವಾ ಎಲ್ಲರಿಗೂ ಗೊತ್ತಿರುವುದೇ.

ತೂಗಿ ನೋಡಿದ್ದು ಗ್ರಾಫ್ ಎಷ್ಟು ಚಂದ ಇದೆ ಎಂದಲ್ಲ. ಕೋಚ್ ನೋಡಬಹುದೇ, ಮೂಲ ಫೈಲ್ ವಾಪಸ್ ಸಿಗುತ್ತದೆಯೇ, ನಾಳೆ ಇದು ನಿಂತುಹೋದರೆ ಏನು ಗತಿ, ಇವನ್ನು ಕೇಳಿಕೊಂಡೆವು. ಕೊನೆಯದು ಸುಮ್ನೆ ಹೆದರಿಕೆಯ ಮಾತಲ್ಲ. ವ್ಯಾಯಾಮ ಬರೆದಿಡುವ ಎಂಡೊಮೊಂಡೊ ಆಪ್ 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಅದೇ ವರ್ಷ ಜುಲೈನಲ್ಲಿ ವಾಚ್ ಕಂಪನಿ ಗಾರ್ಮಿನ್ ಮೇಲೆ ಸೈಬರ್ ದಾಳಿ ಆಗಿ ಅದರ ಕನೆಕ್ಟ್ ಸೇವೆ ಕೆಲವು ದಿನ ನಿಂತಿತ್ತು. ಆಗ ಜನ ವಾಚನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ ಫೈಲ್ ತೆಗೆದುಕೊಂಡರು. 2024ರ ನವೆಂಬರಿನಲ್ಲಿ ಸ್ಟ್ರಾವಾ ತನ್ನ ನಿಯಮ ಬದಲಿಸಿತು. ಅದರ ಮೂಲಕ ಬೇರೆ ಆಪ್‌ಗೆ ಹೋದ ಡೇಟಾವನ್ನು ಆ ಆಪ್ ಆಯಾ ಬಳಕೆದಾರರಿಗೆ ಮಾತ್ರ ತೋರಿಸಬಹುದು ಎಂದಾಯಿತು. ಅಂದರೆ ಸ್ಟ್ರಾವಾ ದಾರಿಯಲ್ಲಿ ಬಂದ ಫೈಲನ್ನು ಕೋಚ್ ನೋಡುವಂತಿಲ್ಲ.

ಇದನ್ನು ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಸ್ಟ್ರಾವಾ ದಾರಿಯ ಕೊನೆಯಲ್ಲಿ ಇರಬೇಕು, ನಡುವೆ ಅಲ್ಲ. ವಾಚಿನ ಆಪ್ ಮತ್ತು ಸೈಕಲ್ ಕಂಪ್ಯೂಟರಿನ ಆಪ್ ಎರಡನ್ನೂ ಇಂಟರ್ವಲ್ಸ್‌ಗೆ ನೇರ ಜೋಡಿಸಿದೆವು. ಸ್ಟ್ರಾವಾ ಕಡೆಯಿಂದ ಒಳಗೆ ಬರುವ ಬಾಣ ಕಿತ್ತುಹಾಕಿದೆವು. ಸ್ನೇಹಿತರಿಗೆ ತೋರಿಸಲು ಅಲ್ಲಿಗೆ ಹೋಗುವ ಬಾಣ ಮಾತ್ರ ಉಳಿಯಿತು.

ಕೋಚ್ ಮೊದಲು ಒಪ್ಪಲಿಲ್ಲ. "ನನ್ನ ಬೇರೆ ಎಲ್ಲರೂ ಒಂದು ಕಡೆ, ಇವರೊಬ್ಬರಿಗೆ ಇನ್ನೊಂದು ಕಡೆ ನೋಡಬೇಕಾ?" ಎಂದರು. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಕೋಚ್ ದಿನಾ ತೆರೆಯದ ತಾಣದಲ್ಲಿ ಎಷ್ಟು ಒಳ್ಳೆಯ ಡೇಟಾ ಇದ್ದರೂ ಪ್ರಯೋಜನ ಇಲ್ಲ. ಎರಡು ತಿಂಗಳು ನೋಡೋಣ, ಆಗದಿದ್ದರೆ ಅವರು ಹೇಳಿದ ಕಡೆಗೆ ಹೋಗೋಣ ಎಂಬ ಷರತ್ತಿನ ಮೇಲೆ ಒಪ್ಪಿಸಿದೆವು. ಮೂಲ ಫೈಲುಗಳು ನಮ್ಮ ಕೈಯಲ್ಲಿದ್ದರೆ ತಾಣ ಬದಲಿಸುವುದು ದೊಡ್ಡ ಕೆಲಸ ಅಲ್ಲ. ಈ ಮೂಲ ಫೈಲ್ ಎಂದರೆ ಫಿಟ್ ಎಂಬ ನಮೂನೆಯದು. ವ್ಯಾಟ್, ಬಡಿತ, ಲ್ಯಾಪ್, ಈಜಿನ ಒಂದೊಂದು ಉದ್ದ ಎಲ್ಲವೂ ಅದರಲ್ಲಿರುತ್ತದೆ. ಜಿಪಿಎಕ್ಸ್ ನಮೂನೆ ಮುಖ್ಯವಾಗಿ ದಾರಿ ಬರೆದಿಡಲು ಆದದ್ದು. ಅದರಲ್ಲಿ ಇಳಿಸಿಕೊಂಡರೆ ಬಹಳಷ್ಟು ಕಳೆದುಹೋಗುತ್ತದೆ. ಮೇಡಂ ಈಗ ತಿಂಗಳಿಗೊಮ್ಮೆ ಫಿಟ್ ಫೈಲುಗಳನ್ನು ಹಳೆ ಲ್ಯಾಪ್‌ಟಾಪಿನ ಒಂದು ಫೋಲ್ಡರಿಗೆ ಹಾಕಿಡುತ್ತಾರೆ.

ಒಬ್ಬ ವಿದ್ಯಾರ್ಥಿ ಹೇಳಿದ ಮಾತು

ಈ ಕೆಲಸ ನಡೆಯುತ್ತಿರುವಾಗಲೇ ಇನ್ನೊಂದು ಸಂಗತಿ ನಡೆಯಿತು. ಕಾಲೇಜಿನ ಕಾರಿಡಾರಿನಲ್ಲಿ ಒಬ್ಬ ವಿದ್ಯಾರ್ಥಿ ನಗುತ್ತಾ, "ಮೇಡಂ, ನೀವು ಮಂಗಳವಾರ ಗುರುವಾರ ಐದೂವರೆಗೆ ಕೆರೆ ಕಡೆ ಹೋಗ್ತೀರಲ್ವಾ?" ಎಂದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಸ್ಟ್ರಾವಾದಲ್ಲಿ ನೋಡಿದ್ದ, ಅಷ್ಟೇ. ಆದರೆ ಮೇಡಂ ಆ ರಾತ್ರಿಯೇ ನನಗೆ ಫೋನ್ ಮಾಡಿದರು. ಕತ್ತಲಲ್ಲಿ ಒಬ್ಬರೇ ಓಡುವ ಹೆಂಗಸಿನ ದಿನ, ಹೊತ್ತು, ದಾರಿ, ಮನೆಯ ಬಾಗಿಲು, ಎಲ್ಲ ಊರಿಗೇ ಕಾಣುವಂತೆ ಇತ್ತು.

2018ರ ಜನವರಿಯಲ್ಲಿ, ಬಳಕೆದಾರರ ದಾರಿಗಳನ್ನೆಲ್ಲ ಒಟ್ಟಿಗೆ ತೋರಿಸುವ ಸ್ಟ್ರಾವಾದ ಹೀಟ್‌ಮ್ಯಾಪ್‌ನಿಂದ ಸೇನಾ ನೆಲೆಗಳ ಒಳಗಿನ ಓಟದ ದಾರಿಗಳೇ ಹೊರಬಿದ್ದದ್ದು ಜಗತ್ತಿನ ಸುದ್ದಿಯಾಗಿತ್ತು. ಆದರೂ ನಾವು ಯಾರೂ ನಮ್ಮ ಬೀದಿಯ ಮಟ್ಟಿಗೆ ಅದನ್ನು ಯೋಚಿಸುವುದಿಲ್ಲ. ಮನೆಯ ಸುತ್ತ ಶುರು ಮತ್ತು ಕೊನೆಯನ್ನು ಮರೆಮಾಡಿದೆವು. ವ್ಯಾಯಾಮಗಳನ್ನು ಹಿಂಬಾಲಕರಿಗೆ ಮಾತ್ರ ಎಂದು ಮಾಡಿದೆವು. ಹಿಂಬಾಲಕರ ಪಟ್ಟಿಯಿಂದ ಗೊತ್ತಿಲ್ಲದವರನ್ನು ತೆಗೆದೆವು. ಜೊತೆಗೆ ಓಡುವ ಹೊತ್ತಿನಲ್ಲಿ ಗಂಡನ ಫೋನಿಗೆ ಮಾತ್ರ ಲೈವ್ ಲೊಕೇಶನ್ ಹೋಗುವ ಏರ್ಪಾಡು. ನೋಡಬೇಕಾದವರು ನೋಡಲಿ, ಉಳಿದವರಿಗೆ ಬೇಡ.

ಇದರ ಬೆನ್ನಿಗೇ ಇನ್ನೊಂದು ತೀರ್ಮಾನವನ್ನು ಅವರೇ ತೆಗೆದುಕೊಂಡರು. ವಾಚಿನ ಆಪ್ ಮುಟ್ಟಿನ ದಿನಗಳನ್ನು ಬರೆದಿಡಲು ಕೇಳುತ್ತಿತ್ತು. ತರಬೇತಿಗೆ ಅದು ಉಪಯೋಗದ ಮಾಹಿತಿಯೇ, ಅದರಲ್ಲೂ ಆ ವಯಸ್ಸಿನಲ್ಲಿ. ಮೇಡಂ ಅದನ್ನು ಕಾಗದದ ಡೈರಿಯಲ್ಲಿ ಬರೆಯುತ್ತಾರೆ. ಕೋಚ್‌ಗೆ ಬೇಕಾದದ್ದು "ಈ ವಾರ ಸ್ವಲ್ಪ ಹಗುರ ಇರಲಿ" ಎಂಬ ಒಂದು ಸಾಲು. ಅದನ್ನು ಬಾಯಲ್ಲೇ ಹೇಳುತ್ತಾರೆ.

ಎದೆಗೋ, ತೋಳಿಗೋ

ಬಡಿತ ಎಣಿಸಲು ಮೊದಲು ಎದೆಗೆ ಕಟ್ಟುವ ಪಟ್ಟಿ ತರಿಸಿದೆವು. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಜ್ಜೆಯ ಗೊಂದಲ ಇಲ್ಲ. ಉಪಕರಣಗಳಿಗೆ ತಂತಿಯಿಲ್ಲದೆ ಮಾಹಿತಿ ಕಳಿಸುವ ಬ್ಲೂಟೂತ್ ಮತ್ತು ಆಂಟ್ ಪ್ಲಸ್ ಎರಡೂ ಇರುವುದನ್ನೇ ನೋಡಿ ಕೊಂಡದ್ದು. ವಾಚ್, ಕಂಪ್ಯೂಟರ್, ಟ್ರೈನರ್ ಎಲ್ಲಕ್ಕೂ ಒಂದೇ ಪಟ್ಟಿ ಸಾಕಾಗಬೇಕಿತ್ತು.

ಮೊದಲ ಫಲ ಬೇಗ ಬಂತು. ಅರ್ಧ ಗಂಟೆ ಶಕ್ತಿ ಮೀರಿ ಓಡಿ, ಕೊನೆಯ 20 ನಿಮಿಷದ ಸರಾಸರಿ ಬಡಿತವನ್ನು ಥ್ರೆಶೋಲ್ಡ್ ಎಂದು ತೆಗೆದುಕೊಳ್ಳುವ ಒಂದು ಪರೀಕ್ಷೆ ಇದೆ. ಮೇಡಂಗೆ ಬಂದದ್ದು 161. ವಾಚ್ ಹೇಳಿದ್ದು 172. ಸುಲಭದ ಓಟದ ಮಿತಿ 153ರಿಂದ 143ಕ್ಕೆ ಇಳಿಯಿತು. ಇನ್ನು ಮುಂದೆ ಥ್ರೆಶೋಲ್ಡನ್ನು ಕೈಯಾರೆ ಬರೆಯುವುದು, ವಾಚ್ ತಾನೇ ಬದಲಿಸುವುದನ್ನು ನಿಲ್ಲಿಸುವುದು ಎಂದಾಯಿತು. ಕೋಚ್‌ಗೆ ಇದು ಅಷ್ಟು ಹಿಡಿಸಲಿಲ್ಲ. ಯಂತ್ರ ಮಾಡುವ ಕೆಲಸವನ್ನು ಯಾಕೆ ನಾವು ಮಾಡಬೇಕು ಎಂಬುದು ಅವರ ವಾದ. ಕೊನೆಗೆ, ವಾಚ್ ಹೊಸ ಸಂಖ್ಯೆ ಸೂಚಿಸಿದರೆ ನೋಡುವುದು, ಪರೀಕ್ಷೆಯಲ್ಲಿ ಖಚಿತವಾದರೆ ಮಾತ್ರ ಬದಲಿಸುವುದು ಎಂಬಲ್ಲಿಗೆ ನಿಂತಿತು.

ಪಟ್ಟಿಯ ಜೊತೆ ತೊಂದರೆ ಬಂದದ್ದು ಬೇಸಿಗೆಯಲ್ಲಿ. ಎರಡು ಗಂಟೆಯ ಓಟದಲ್ಲಿ ಬೆವರು, ಉಪ್ಪು, ಸ್ಪೋರ್ಟ್ಸ್ ಬ್ರಾದ ಕೆಳಗಿನ ಅಂಚು, ಅದರ ಕೆಳಗೆ ಈ ಪಟ್ಟಿ. ಚರ್ಮ ಸುಲಿದು ಗಾಯ ಆಯಿತು. ಗಂಡಸರು ಬರೆಯುವ ವಿಮರ್ಶೆಗಳಲ್ಲಿ ಇದರ ಸುದ್ದಿ ಅಪರೂಪ. ಮೇಡಂ ಒಂದು ವಾರ ಸಹಿಸಿಕೊಂಡು, ಆಮೇಲೆ ಪಟ್ಟಿ ಬಿಟ್ಟೇ ಓಡತೊಡಗಿದರು. ಎಷ್ಟು ನಿಖರವಾದ ಉಪಕರಣವೂ ಡ್ರಾಯರಿನಲ್ಲಿ ಇದ್ದರೆ ಏನು ಬಂತು?

ಆಗ ಮೇಲ್ದೋಳಿಗೆ ಕಟ್ಟುವ ಪಟ್ಟಿಯನ್ನು ಸ್ನೇಹಿತೆಯಿಂದ ಕೇಳಿ ತಂದು ನೋಡಿದೆವು. ಅದೂ ಬೆಳಕಿನಿಂದಲೇ ಎಣಿಸುವುದು. ಆದರೆ ಅಲ್ಲಿ ಮಾಂಸ ಜಾಸ್ತಿ, ಕುಲುಕಾಟ ಕಡಿಮೆ. ಎದೆಪಟ್ಟಿ ಮತ್ತು ತೋಳುಪಟ್ಟಿ ಎರಡನ್ನೂ ಕಟ್ಟಿಕೊಂಡು ಕೆಲವು ಓಟ ಮಾಡಿಸಿದೆ. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಸಮಾಧಾನದ ಓಟದಲ್ಲಿ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಚಿಕ್ಕ ಚಿಕ್ಕ ವೇಗದ ಓಟಗಳಲ್ಲಿ ತೋಳಿನದು ಕೆಲವು ಸೆಕೆಂಡ್ ಹಿಂದೆ ಬೀಳುತ್ತಿತ್ತು. ಅವರ ಸ್ಪರ್ಧೆಗೆ ಚಿಕ್ಕ ವೇಗದ ಓಟ ಮುಖ್ಯ ಅಲ್ಲ. ತೋಳುಪಟ್ಟಿಯೇ ಗೆದ್ದಿತು.

ಒಂದೇ ಕಾಲನ್ನು ಅಳೆಯುವ ಮೀಟರ್

ರಸ್ತೆಯ ಸೈಕಲ್ಲಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ತುಳಿತದ ಶಕ್ತಿ ಅಳೆಯುವ ಒಂದು ಪವರ್ ಮೀಟರ್ ಸಿಕ್ಕಿತು. ಎಡಗಡೆಯ ಕ್ರ್ಯಾಂಕಿನಲ್ಲಿ, ಅಂದರೆ ಪೆಡಲ್ ಹಿಡಿದಿರುವ ಸರಳಿನಲ್ಲಿ, ಕೂರುವಂಥದ್ದು. ಇದು ಎಡಗಾಲಿನ ಬಲವನ್ನು ಅಳೆದು ಅದನ್ನು ಎರಡರಿಂದ ಗುಣಿಸುತ್ತದೆ. ಟ್ರೈನರ್ ಮೇಲೆ ಎಫ್‌ಟಿಪಿ 155 ವ್ಯಾಟ್ ಇದ್ದದ್ದು, ರಸ್ತೆಯಲ್ಲಿ 20 ನಿಮಿಷದ ಪರೀಕ್ಷೆ ಮಾಡಿ ಅದರ ಸರಾಸರಿಯ 95 ಶೇಕಡ ಲೆಕ್ಕ ಹಾಕಿದಾಗ 142 ಬಂತು. ಮೇಡಂ ಮುಖ ಸಣ್ಣಗಾಯಿತು. ಮೀಟರ್ ಕೆಟ್ಟಿದೆ, ವಾಪಸ್ ಕೊಡೋಣ ಎಂದರು ಗಂಡ.

ಕೆಟ್ಟಿರಲಿಲ್ಲ. ಎರಡನ್ನೂ ಒಟ್ಟಿಗೆ ಓಡಿಸಿ ನೋಡಿದರೆ ಕ್ರ್ಯಾಂಕ್ ಸದಾ ಟ್ರೈನರಿಗಿಂತ 8 ಶೇಕಡದಷ್ಟು ಕಡಿಮೆ. ಬಲಗಾಲು 54, ಎಡಗಾಲು 46 ಎಂಬಂತೆ ತುಳಿಯುವವರಿಗೆ ಹೀಗೇ ಬರುತ್ತದೆ. 46ನ್ನು ಎರಡರಿಂದ ಗುಣಿಸಿದರೆ 92. ಅವರಿಗೆ ಹಿಂದೆ ಎಡ ಮಂಡಿಗೆ ಪೆಟ್ಟಾಗಿತ್ತು ಎಂಬುದು ಆಗ ಹೊರಬಂತು. ಟ್ರೈನರಿಗೂ ತನ್ನದೇ ಆಚೀಚೆ ಇರುತ್ತದೆ, ಹಾಗಾಗಿ ಪೂರ್ತಿ ಕಾಲಿನದೇ ಎಂದು ಹೇಳಲಾರೆ.

ನಿಜವಾದ ವ್ಯಾಟ್ ಯಾವುದು ಎಂದು ಹುಡುಕುತ್ತಾ ಕೂರಬಹುದಿತ್ತು. ಎರಡೂ ಕಡೆ ಅಳೆಯುವ ದುಬಾರಿ ಪೆಡಲ್ ಕೊಳ್ಳಬಹುದಿತ್ತು. ಬೇಡ ಎಂದೆವು. ಸ್ಪರ್ಧೆಗೆ ಹೋಗುವುದು ಈ ಕ್ರ್ಯಾಂಕ್. ಹಾಗಾದರೆ ತರಬೇತಿಯೂ ಇದರ ಅಳತೆಯಲ್ಲೇ ಆಗಲಿ. ಟ್ರೈನರ್ ಆಪ್‌ನಲ್ಲೂ ವ್ಯಾಟ್ ಅನ್ನು ಟ್ರೈನರಿನ ಬದಲು ಕ್ರ್ಯಾಂಕಿನಿಂದ ಓದುವಂತೆ ಹಾಕಿದೆವು. ಅಲ್ಲಿಗೆ ಮನೆಯೊಳಗೆ, ಹೊರಗೆ, ಗೋವಾದಲ್ಲಿ ಒಂದೇ ಅಳತೆಗೋಲು. ಸವಾರಿಗೆ ಮುಂಚೆ ಸೈಕಲನ್ನು ಹೊರಗೆ ಸ್ವಲ್ಪ ಹೊತ್ತು ನಿಲ್ಲಿಸಿ, ಆ ತಾಪಕ್ಕೆ ಒಗ್ಗಿದ ಮೇಲೆ ಮೀಟರನ್ನು ಸೊನ್ನೆಗೆ ತರುವುದು ಮಾತ್ರ ಕಡ್ಡಾಯ.

ಈಜಿನ ಬಗ್ಗೆ ಹೇಳುವುದು ಕಡಿಮೆ. ಕೊಳದಲ್ಲಿ ವಾಚ್ ಗೋಡೆಯ ತಿರುವುಗಳನ್ನು ಎಣಿಸುತ್ತದೆ. ಬೋರ್ಡ್ ಹಿಡಿದು ಕಾಲು ಮಾತ್ರ ಹೊಡೆದರೆ ಕೈ ಆಡುವುದಿಲ್ಲ, ಲೆಕ್ಕ ತಪ್ಪುತ್ತದೆ. ಅದನ್ನು ಸರಿಪಡಿಸುವ ಗೋಜಿಗೆ ಹೋಗಲಿಲ್ಲ. 400 ಮತ್ತು 200 ಮೀಟರ್ ಎರಡನ್ನು ಜೋರಾಗಿ ಈಜಿಸಿದೆವು. 8 ನಿಮಿಷ 20 ಸೆಕೆಂಡ್, 4 ನಿಮಿಷ. ನಡುವಿನ ವ್ಯತ್ಯಾಸ 260 ಸೆಕೆಂಡ್ ಎಂದರೆ 100 ಮೀಟರಿಗೆ 2 ನಿಮಿಷ 10 ಸೆಕೆಂಡ್. ಈಜಿನ ಯೋಜನೆಯೆಲ್ಲ ಈ ಒಂದು ಸಂಖ್ಯೆಯ ಮೇಲೆ. ಅದಕ್ಕೆ ಕೊಳದ ಗೋಡೆಯ ಗಡಿಯಾರ ಸಾಕು.

ಏನಾಯಿತು

ಎರಡೆರಡು ಕೂತ ಫೈಲುಗಳನ್ನು ಅಳಿಸಿ, ಹೊಸ ಥ್ರೆಶೋಲ್ಡ್ ಹಾಕಿ ಹಳೆಯ ಲೆಕ್ಕವನ್ನೆಲ್ಲ ಮತ್ತೆ ಮಾಡಿಸಿದ ದಿನ ಗ್ರಾಫ್ ಧೊಪ್ಪನೆ ಬಿತ್ತು. ಮೇಡಂಗೆ ಅದು ಗೊತ್ತಿದ್ದದ್ದೇ, ಆದರೂ ಕಣ್ಣಾರೆ ನೋಡಿದಾಗ ಬೇಜಾರಾಯಿತು. "ಇಷ್ಟು ದಿನ ಮಾಡಿದ್ದೆಲ್ಲ ಎಲ್ಲಿ ಹೋಯ್ತು?" ಎಂದರು. ಒಂದು ವಾರ ಗ್ರಾಫ್ ತೆರೆಯಬೇಡಿ, ಒಂದರಿಂದ ಹತ್ತರ ಅಂಕ ಮಾತ್ರ ಬರೆಯಿರಿ ಎಂದು ಕೋಚ್ ಹೇಳಿದರು. ಇದು ಅವರು ಮಾಡಿದ ಬಹಳ ಒಳ್ಳೆಯ ಕೆಲಸ ಎಂದು ನನಗೆ ಅನಿಸುತ್ತದೆ. ಆ ವಾರದಲ್ಲೇ ಸುಲಭದ ಓಟಗಳಿಗೆ ಆರು, ಏಳು ಬರುತ್ತಿದ್ದದ್ದು ಮೂರಕ್ಕೆ ಬಂತು. ಮುಂದಿನ ತಿಂಗಳುಗಳಲ್ಲಿ ಅದೇ 143ರ ಬಡಿತದಲ್ಲಿ ವೇಗ ನಿಧಾನವಾಗಿ ಏರತೊಡಗಿತು. ಎರಡು ತಿಂಗಳ ಷರತ್ತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಗೋವಾಕ್ಕೆ ಮುಂಚೆ ಒಂದು ನಿಯಮ ಬರೆದುಕೊಂಡಿದ್ದೆವು. ಸೈಕಲ್ಲಿನಲ್ಲಿ ಗುರಿ 100ರಿಂದ 106 ವ್ಯಾಟ್, ಅಂದರೆ ಎಫ್‌ಟಿಪಿಯ 70ರಿಂದ 75 ಶೇಕಡ. ಆದರೆ ಬಡಿತ 150 ದಾಟಿ ಹತ್ತು ನಿಮಿಷ ಅಲ್ಲೇ ನಿಂತರೆ, ವ್ಯಾಟ್ ಏನೇ ಹೇಳಲಿ, 95ಕ್ಕೆ ಇಳಿಸಿ ನೀರು ಕುಡಿಯುವುದು. ಮೈಸೂರಿನ ಒಣ ಬೆಳಗಿಗೆ ಒಗ್ಗಿದ ದೇಹಕ್ಕೆ ಕರಾವಳಿಯ ಸೆಕೆಯಲ್ಲಿ ಅದೇ ವ್ಯಾಟಿಗೆ ಬಡಿತ ಏರುತ್ತದೆ. ನಿರೀಕ್ಷೆಯ ಹಾಗೇ 60 ಕಿಲೋಮೀಟರ್ ದಾಟಿದ ಮೇಲೆ ಏರಿತು. ಇಳಿಸಿದರು.

ಅದಕ್ಕೂ ಮೊದಲೇ ಇನ್ನೊಂದು ತಮಾಷೆ ಆಗಿತ್ತು. ಸಮುದ್ರದಿಂದ ಎದ್ದು ಸೈಕಲ್ ಕಡೆ ಓಡುವಾಗ, ಒಂದು ಭಾಗದಿಂದ ಮುಂದಿನದಕ್ಕೆ ಹೋಗಲು ಒತ್ತುವ ವಾಚಿನ ಲ್ಯಾಪ್ ಬಟನ್ ಒಂದು ಸಲ ಜಾಸ್ತಿ ಒತ್ತಿಹೋಯಿತು. ಮೇಡಂ ಸೈಕಲ್ ಹತ್ತುವ ಹೊತ್ತಿಗೆ ವಾಚ್ ಅವರು ಸೈಕಲ್ ಮುಗಿಸಿ ಓಟಕ್ಕೆ ತಯಾರಾಗುತ್ತಿದ್ದಾರೆ ಎಂದುಕೊಂಡಿತ್ತು. ಸೈಕಲ್ ಭಾಗವನ್ನು ಹ್ಯಾಂಡಲ್ ಮೇಲಿನ ಕಂಪ್ಯೂಟರ್ ತನ್ನ ಪಾಡಿಗೆ ಬರೆಯುತ್ತಿದ್ದುದರಿಂದ ಏನೂ ನಷ್ಟ ಆಗಲಿಲ್ಲ. ಎರಡು ಉಪಕರಣ ಬರೆಯುವುದು ತಪ್ಪಲ್ಲ, ಎರಡೂ ಲೆಕ್ಕಕ್ಕೆ ಸೇರುವುದು ತಪ್ಪು. ಆ ಸಂಜೆ ವಾಚಿನ ಫೈಲಿನ ಆ ತುಂಡನ್ನು ಅಳಿಸಿ, ಕಂಪ್ಯೂಟರಿನದನ್ನು ಉಳಿಸಿಕೊಂಡರು. ಓಟದಲ್ಲಿ ನೀರಿನ ಪ್ರತಿ ಮೇಜಿನ ಹತ್ತಿರ ನಡೆದು, ನಡುವೆ 150 ದಾಟದಂತೆ ಓಡಿ, ಎಂಟು ಗಂಟೆಯೊಳಗೆ ಮುಗಿಸಿದರು.

ಬೇರೆಯವರಿಗೆ ಎಷ್ಟು ಅನ್ವಯ

ಕೊಂಡ ಸಾಮಾನುಗಳನ್ನು ನೋಡಿ ಯಾರೂ ನಕಲು ಮಾಡಬೇಕಿಲ್ಲ. ಎಡ ಬಲ ಸಮ ಇರುವವರಿಗೆ ಕ್ರ್ಯಾಂಕಿನ ಕಥೆ ಇರುವುದೇ ಇಲ್ಲ. ಎದೆಪಟ್ಟಿ ಒಗ್ಗುವವರಿಗೆ ತೋಳುಪಟ್ಟಿ ಬೇಕಿಲ್ಲ. ಒಂದೇ ವಾಚ್ ಇಟ್ಟುಕೊಂಡವರಿಗೆ ಬಾಣಗಳ ಚಿತ್ರ ಎರಡು ಗೆರೆಯಲ್ಲಿ ಮುಗಿಯುತ್ತದೆ. ಕೋಚ್ ಇಲ್ಲದೆ ತಾವೇ ಅಭ್ಯಾಸ ಮಾಡುವವರು ಲೋಡ್ ಗ್ರಾಫನ್ನೇ ನೋಡದೆ, ಗಂಟೆಗಳ ಲೆಕ್ಕ ಮತ್ತು ಕಷ್ಟದ ಅಂಕದಲ್ಲಿ ಬಹಳ ದೂರ ಹೋಗಬಹುದು.

ಉಪಯೋಗಕ್ಕೆ ಬಂದದ್ದು ತೀರ್ಮಾನಗಳ ಸರದಿ. ಯಾವ ಸಂಖ್ಯೆ ಬೇಕು, ಅದು ಯಾರ ಕಣ್ಣಿಗೆ ಬೀಳಬೇಕು, ಎಲ್ಲಿರಬೇಕು, ಯಾವ ಒಂದೇ ದಾರಿಯಲ್ಲಿ ಬರಬೇಕು, ಕೊನೆಗೆ ಯಾವ ಉಪಕರಣ. ಅಂಗಡಿಯಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ.

ಕೋಚ್ ಈಗ ಆ ಹಾಳೆಯ ಫೋಟೋವನ್ನು ತಮ್ಮ ಇನ್ನಿಬ್ಬರು ಶಿಷ್ಯರಿಗೆ ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರದು ಆಪಲ್ ವಾಚ್. ಅದರ ಸ್ವಂತ ಆಪ್ ಫಿಟ್ ಫೈಲ್ ಕೊಡುವುದಿಲ್ಲ, ಹೆಲ್ತ್‌ಫಿಟ್ ಥರದ ಇನ್ನೊಂದು ಆಪ್ ನಡುವೆ ಬೇಕು. ಅಂದರೆ ಅವರ ಚಿತ್ರದಲ್ಲಿ ಒಂದು ಬಾಣ ಜಾಸ್ತಿ. ಅದನ್ನು ಒಪ್ಪಿಕೊಳ್ಳುವುದೋ, ಸೈಕಲ್ಲಿಗೆ ಬೇರೆ ಕಂಪ್ಯೂಟರ್ ಹಾಕಿ ವಾಚನ್ನು ಓಟಕ್ಕೆ ಮಾತ್ರ ಇಟ್ಟುಕೊಳ್ಳುವುದೋ ಎಂಬ ಮಾತುಕತೆ ಇನ್ನೂ ನಡೆಯುತ್ತಿದೆ.